ತಟ್ಟೆ ತೊಳೆದ ನೀರು

ಕೈ ತೊಳೆಯುತ್ತಿದ್ದೆ. ಎರಡು ಹಸಿರು ಬಳೆ ತಾವಾಗಿಯೇ ಜಾರಿ ಬಚ್ಚಲಿಗೆ ಬಿದ್ದವು. ಒಡೆಯಲಿಲ್ಲ, ಪುಣ್ಯ. ಎತ್ತಿಕೊಂಡು ಮತ್ತೆ ಹಾಕಿಕೊಂಡೆ. ಯಾರಿಗೂ ಹೇಳಲಿಲ್ಲ.

ತೂಕ ಇಳಿಸುವ ಬೇರಿಯಾಟ್ರಿಕ್ ಸರ್ಜರಿಯಾಗಿ ಆಗ ಒಂಬತ್ತು ತಿಂಗಳು. ನಾನು ಕುಷ್ಟಗಿಯಲ್ಲಿ ಹೆಣ್ಣುಮಕ್ಕಳ ಬಟ್ಟೆ ಹೊಲಿಯುವವಳು. ನೂರಾ ಹನ್ನೆರಡು ಕೆಜಿ ಇದ್ದೆ. ಮಶೀನಿಗೆ ಕೂತರೆ ಹೊಟ್ಟೆ ಅಡ್ಡ ಬರುತ್ತಿತ್ತು. ಶುಗರ್, ಮೊಣಕಾಲು ನೋವು ಬೇರೆ. ಹುಬ್ಬಳ್ಳಿಯ ಡಾಕ್ಟರು ಹೊಟ್ಟೆಯ ಚೀಲವನ್ನು ಸಣ್ಣದು ಮಾಡಿ ಕರುಳಿಗೆ ಜೋಡಿಸಿದರು. ಮೊದಮೊದಲು ಹಬ್ಬವೇ ಹಬ್ಬ. ನನ್ನ ಜಂಪರುಗಳನ್ನು ನಾನೇ ಬಿಗಿ ಮಾಡಿಕೊಳ್ಳುತ್ತಿದ್ದೆ. “ಏನ್ರಿ ನೀಲಕ್ಕ, ಮದುವಿ ಹೆಣ್ಣಾಗೀರಲ್ಲ!” ಎಂದು ಗಿರಾಕಿಗಳು ಚೇಷ್ಟೆ ಮಾಡಿದರೆ ನನಗೂ ಖುಷಿ, ಯಾಕೆ ಸುಳ್ಳು ಹೇಳಲಿ.

ಇಳಿಯುವುದು ನಿಲ್ಲಲೇ ಇಲ್ಲ.

ಎಪ್ಪತ್ತರ ಸುಮಾರಿಗೆ ನಿಲ್ಲುತ್ತದೆ ಎಂದಿದ್ದರು. ನಾನು ಐವತ್ನಾಲ್ಕಕ್ಕೆ ಬಂದೆ. ಕೂದಲು ಉದುರಿತು. ಮೆಟ್ಟಿಲು ಹತ್ತಿದರೆ ಕಣ್ಣಿಗೆ ಕತ್ತಲೆ. ಉಂಡ ಸ್ವಲ್ಪ ಹೊತ್ತಿಗೆ ಹೊಟ್ಟೆ ತೊಳಸಿ ವಾಂತಿ. ಚೇಷ್ಟೆ ಮಾಡುತ್ತಿದ್ದ ಗಿರಾಕಿಗಳೇ ಈಗ ಅಳತೆ ಕೊಡುವಾಗ ನನ್ನ ಮುಖ ನೋಡಿ ಬೇಗ ಬೇಗ ಹೊರಡುತ್ತಿದ್ದರು. ನಮ್ಮಪ್ಪ ಹೊಟ್ಟೆಯ ಕ್ಯಾನ್ಸರಿನಲ್ಲಿ ಹೀಗೇ ಕರಗಿ ಹೋದವರು. ಕೊನೆಗೆ ಅವರ ಉಂಗುರ ಜಾರದಂತೆ ದಾರ ಸುತ್ತಿದ್ದು ನಾನೇ. ಬಳೆ ಬಿದ್ದ ದಿನದಿಂದ ಆ ದಾರವೇ ಕಣ್ಣೆದುರು. ಮಗಳ ಮುಂದಿನ ವರ್ಷದ ಯೂನಿಫಾರ್ಮನ್ನು ಸ್ವಲ್ಪ ದೊಡ್ಡದಾಗಿ ಹೊಲಿದಿಟ್ಟೆ. ಅದರ ಮರುವರ್ಷದ್ದನ್ನೂ ಹೊಲಿದಿಟ್ಟೆ.

ನಮ್ಮತ್ತೆ, “ಯಾರದೋ ಕಣ್ಣು ಬಿದ್ದೈತಿ” ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು.

“ಸಾಕ್ರಿ ಅತ್ತಿ, ಈ ಘಾಟಿಗೆ ಕೆಮ್ಮಿ ಕೆಮ್ಮಿ ಇನ್ನರ್ಧ ಕೆಜಿ ಇಳಿತೀನಿ” ಎಂದೆ.

ಅತ್ತೆ ನಗಲಿಲ್ಲ. ಮರುದಿನವೇ ಬುತ್ತಿ ಕಟ್ಟಿಕೊಂಡು ನನ್ನ ಜೊತೆ ಹುಬ್ಬಳ್ಳಿಗೆ ಹೊರಟರು.

ಬ್ಲಡ್ ಟೆಸ್ಟ್, ಸ್ಕ್ಯಾನ್, ಎಂಡೋಸ್ಕೋಪಿ. ರಿಪೋರ್ಟಿಗೆ ಕಾಯುವಾಗ ಅತ್ತೆಯ ಕೈ ಹಿಡಿದುಕೊಂಡಿದ್ದೆ. ಮದುವೆಯಾದಾಗಿನಿಂದ ಅವರ ಕೈ ಹಿಡಿದದ್ದು ಅದೇ ಮೊದಲು.

“ಗಂಟು ಇಲ್ಲ. ಜೋಡಿಸಿದ ಜಾಗವೂ ಚೆನ್ನಾಗಿದೆ” ಎಂದರು ಡಾಕ್ಟರು. “ಆದರೆ ಪ್ರೊಟೀನ್ ತುಂಬಾ ಇಳಿದಿದೆ. ಹೀಗೇ ಆದರೆ ಅಡ್ಮಿಟ್ ಮಾಡಿ ಟ್ಯೂಬ್ ಹಾಕಬೇಕಾಗುತ್ತದೆ.”

ಗಂಟಿಲ್ಲ ಎಂದರೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಏನೂ ಇಲ್ಲದೆ ಮನುಷ್ಯ ಹೀಗೆ ಸವೆಯುತ್ತಾನೆಯೇ? ಇವರಿಗೆ ಕಾಣದ್ದು ಏನೋ ಒಳಗೆ ಕೂತಿದೆ ಎಂದೇ ನನ್ನ ಜೀವ ಹೇಳುತ್ತಿತ್ತು.

ಡಯೆಟಿಷಿಯನ್ ಹತ್ತಿರ ಕಳಿಸಿದರು. ಹುಬ್ಬಳ್ಳಿ ಕಡೆಯ ಹುಡುಗಿ. “ಊಟದ ಜೋಡಿ ನೀರು ಕುಡಿತೀರೇನು?” ಎಂದು ಕೇಳಿದಳು.

“ಇಲ್ರಿ ಮೇಡಂ. ನೀವು ಹೇಳಿದಂಗ ಊಟಕ್ಕ ಮುಂಚೆ ಅರ್ಧ ತಾಸು, ಆದಮ್ಯಾಲ ಅರ್ಧ ತಾಸು, ಒಂದು ಹನಿ ಮುಟ್ಟಂಗಿಲ್ಲ. ಬೇಕಾದ್ರ ಅತ್ತಿನ್ನ ಕೇಳ್ರಿ.” ಅತ್ತೆಯೂ ತಲೆಯಾಡಿಸಿದರು.

ಅವಳು ನನ್ನನ್ನೇ ನೋಡಿದಳು. “ಬುತ್ತಿ ತಂದೀರಲ್ಲ, ಇಲ್ಲೇ ಉಣ್ರಿ. ನಾ ನೋಡ್ತೀನಿ.”

ಮೆತ್ತಗೆ ಬೇಯಿಸಿದ ಅನ್ನ, ಹೆಸರುಬೇಳೆ. ನಾನು ಎರಡೇ ಚಮಚ ಹಾಕಿಸಿಕೊಂಡೆ.

“ಅಷ್ಟನ?”

“ಹೆಚ್ಚು ನೀಡಿಸ್ಕೊಂಡು ಬಿಟ್ರ ಹೆಂಗ್ರಿ? ಪ್ರಸಾದ ಬಿಡಬಾರದಲ್ಲ.”

ಉಂಡೆ. ಅತ್ತೆ ಎಂದಿನಂತೆ ತಟ್ಟೆಗೆ ಚೊಂಬಿನ ನೀರು ಹಾಕಿದರು. ಅಗುಳನ್ನೆಲ್ಲ ಬೆರಳಿನಿಂದ ಬಳಿದು, ತಟ್ಟೆ ಎತ್ತಿ ಗಟಗಟ ಕುಡಿದೆ.

“ಅಯ್ಯ, ಇದೇನ್ರಿ! ನೀರು ಕುಡುದ್ರಲ್ಲ!”

“ನೀರು ಎಲ್ಲಿ ಕುಡಿದೆ? ತಟ್ಟಿ ತೊಳದೆ.”

ನಮ್ಮ ಲಿಂಗಾಯತರ ಮನೆಗಳಲ್ಲಿ ಉಣ್ಣುವುದೆಲ್ಲ ಪ್ರಸಾದ. ತಟ್ಟೆಯಲ್ಲಿ ಒಂದಗುಳು ಬಿಡುವಂತಿಲ್ಲ. ತೊಳೆದು ಆ ನೀರನ್ನೂ ಕುಡಿಯಬೇಕು. ಬುದ್ಧಿ ಬಂದಾಗಿನಿಂದ ಮಾಡಿದ್ದು. ನೀರಿನ ಲೆಕ್ಕಕ್ಕೆ ಅದು ಸೇರುತ್ತದೆಂದು ನನಗೆ ಹೊಳೆದೇ ಇರಲಿಲ್ಲ. ಅತ್ತೆಗೂ ಇಲ್ಲ.

“ನಿಮ್ಮ ಹೊಟ್ಟಿ ಈಗ ಭಾಳ ಸಣ್ಣದು” ಎಂದಳು ಹುಡುಗಿ. “ಉಂಡ ಕೂಡ್ಲೆ ನೀರು ಸುರುವಿದ್ರ ವಾಂತಿ ಆಗ್ತದ, ಇಲ್ಲಾ ಉಂಡದ್ದು ಲಗೂನ ಜಾರಿ ಹೋಗ್ತದ. ಅದರ ಮ್ಯಾಲ ತಟ್ಟ್ಯಾಗ ಉಳೀತದಂತ ಹೆದರಿ ನೀಡಿಸ್ಕೊಳ್ಳೋದ ಎರಡು ಚಮಚ. ಮೊದಲ ಬ್ಯಾಳಿ, ಮೊಸರು ತಿನ್ರಿ, ಆಮ್ಯಾಲ ಅನ್ನ. ತುಸು ಹೆಚ್ಚಿಗೇ ಹಾಕ್ಕೊಳ್ರಿ. ಆಗಲಿಲ್ಲಂದ್ರ ಬಿಡ್ರಿ.”

ಬಿಡ್ರಿ. ಆಪರೇಷನ್‌ಗೆ ಸಹಿ ಹಾಕಿದ್ದು ಇದಕ್ಕಿಂತ ಸುಲಭವಾಗಿತ್ತು.

ಕೊಪ್ಪಳದವರೆಗೆ ರೈಲಿನಲ್ಲಿ, ಅಲ್ಲಿಂದ ಬಸ್ಸಿನಲ್ಲಿ, ಅತ್ತೆ ಖಾಲಿ ಬುತ್ತಿಯ ಬಟ್ಟೆಯನ್ನು ಮಡಚುತ್ತ ಬಿಚ್ಚುತ್ತ ಕೂತಿದ್ದರು. ಇಷ್ಟು ತಿಂಗಳು ಹೊತ್ತು ಹೊತ್ತಿಗೆ ಮರೆಯದೆ ನನ್ನ ತಟ್ಟೆಗೆ ನೀರು ಹಾಕಿದವರು ಅವರು. ಏನು ಯೋಚಿಸುತ್ತಿದ್ದಾರೋ ಎಂದು ನನಗೆ ಅದೂ ಒಂದು ದಿಗಿಲು.

ರಾತ್ರಿ ಮನೆಯಲ್ಲಿ ಬೇಳೆ, ಮೊಸರು, ಅನ್ನ ಮೊದಲಿಗಿಂತ ಹೆಚ್ಚು ಬಡಿಸಿದರು. ನಿಧಾನವಾಗಿ ಅಗಿದು ಉಂಡೆ. ಕೊನೆಯ ಎರಡು ತುತ್ತು ಇಳಿಯಲಿಲ್ಲ. ತಟ್ಟೆಯ ಮುಂದೆ ಹಾಗೇ ಕೂತೆ, ಏಳಲು ಧೈರ್ಯವಾಗಲಿಲ್ಲ. ಅತ್ತೆ ಚೊಂಬು ಹಿಡಿದು ಬಂದರು.

“ಬ್ಯಾಡ್ರಿ ಅತ್ತಿ, ಹಾಕಬ್ಯಾಡ್ರಿ.”

ಅವರು ನನ್ನ ಪಕ್ಕ ಕೂತು ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡರು. ಉಳಿದ ಎರಡು ತುತ್ತು ಉಂಡರು. ನೀರು ಹಾಕಿ, ತೊಳೆದು, ಕುಡಿದರು.

ಅತ್ತೆ, ಸೊಸೆಯ ತಟ್ಟೆಯನ್ನು!

“ಅತ್ತಿ, ನನ್ನ ಎಂಜಲಾ...”

“ಪ್ರಸಾದಕ್ಕ ಎಂಥಾ ಎಂಜಲ? ನಿನ್ನ ಕೈಲಾದಷ್ಟು ನೀ ಉಣ್ಣು. ಉಳದದ್ದು ನಂದು.” ಅಷ್ಟು ಹೇಳಿ ತಟ್ಟೆ ಎತ್ತಿಕೊಂಡು ಒಳಗೆ ಹೋದರು. ನಾನು ಬಾಯಿಗೆ ಸೆರಗು ಒತ್ತಿಕೊಂಡು ಅಳತೊಡಗಿದೆ.

ವಾಂತಿ ಕಡಿಮೆಯಾಗಿದೆ. ತೂಕ ಐವತ್ತಾರರ ಹತ್ತಿರ ನಿಂತಿದೆ. ಹೆದರಿಕೆ ಹೋಗಿದೆ ಎಂದರೆ ಸುಳ್ಳಾಗುತ್ತದೆ; ತೂಕದ ಕಾಟಾದ ಮೇಲೆ ನಿಂತಾಗ ಇವತ್ತಿಗೂ ಮೊದಲು ಕಣ್ಣು ಮುಚ್ಚಿಕೊಳ್ಳುತ್ತೇನೆ. ಬಳೆ ಇನ್ನೂ ಸಡಿಲ. ಕೈ ತೊಳೆಯುವಾಗ ಬೆರಳು ಮಡಚಿಕೊಳ್ಳುವುದು ರೂಢಿಯಾಗಿದೆ.

ಮೊನ್ನೆ ಮಧ್ಯಾಹ್ನ ಉಂಡು ಮುಗಿಸಿದಾಗ ಅತ್ತೆ ಚೊಂಬು ಹಿಡಿದು ಬಂದು ಪಕ್ಕ ಕೂತರು. ತಟ್ಟೆ ನೋಡಿದರು. ಒಂದಗುಳೂ ಇರಲಿಲ್ಲ.

“ಯವ್ವಾ, ಇವತ್ತ ನನಗೇನೂ ಬಿಟ್ಟಿಲ್ಲಲ್ಲ!” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.