ಮರ ಹಿಡಿದ ಬಾಡಿಗೆದಾರ

ಸಾಗರದಲ್ಲಿ ನಮ್ಮ ಹಿತ್ತಲ ಮನೆಗೆ ಬಾಡಿಗೆಗೆ ಬಂದ ಚೌಡಪ್ಪ, ಮನೆಯೊಳಗಿರುವುದಕ್ಕಿಂತ ಹೆಚ್ಚು ಹೊತ್ತು ನನ್ನ ಹಲಸಿನ ಮರದ ಬುಡದಲ್ಲೇ ಇರುತ್ತಾನೆ. ಅದರ ಕವಲಿಗೆ ಬಾಳೆನಾರಿನಲ್ಲಿ ಸೀತಾಳೆ ದಂಡೆ ಕಟ್ಟಿದ್ದಾನೆ. ಕಾಡುಮರದ ಮೇಲೆ ಬೆಳೆದು, ಮಳೆ ಹಿಡಿಯುವಾಗ ಗೊಂಚಲು ಇಳಿಬಿಡುವ ಹೂವು. ನೆಂಟರು ಬಂದರೆ ಮೊದಲು ಮರದ ಹತ್ತಿರ ಕರೆದೊಯ್ಯುತ್ತಾನೆ, ಆಮೇಲೆ ನೀರು ಕೊಡುತ್ತಾನೆ. ಗೊಬ್ಬರ ಎಂದರೆ ಕಿವಿ ಮುಚ್ಚಿಕೊಳ್ಳುತ್ತಾನೆ. "ಮತ್ತೆ ಇದು ತಿನ್ನೋದು ಎಂತದೋ?" ಎಂದು ಕೇಳಿದರೆ, "ಗಾಳಿ, ಯಜಮಾನ್ರೇ. ಸುಮ್ನೆ ಕೂತಿರ್ತದೆ, ಮರದ್ದೇನೂ ಮುಟ್ಟಲ್ಲ" ಎನ್ನುತ್ತಾನೆ. "ನಿನಗಿಂತ ಒಳ್ಳೆ ಬಾಡಿಗೆದಾರ" ಎಂದರೆ ಅದಕ್ಕೂ ನಗುತ್ತಾನೆ. ಮಗಳ ಬಾಣಂತನಕ್ಕೆ ಮನೆ ಬೇಕು, ಬಿಡು ಎಂದೆ. "ಹೂವು ಮುಗೀಲಿ" ಎಂದ. ಹೂವು ಮುಗಿಯಿತು, "ಹೊಸ ಬೇರು ಬಿಡ್ತಿದೆ" ಎಂದ. ಪಿತ್ತ ನೆತ್ತಿಗೇರಿ, ಇವತ್ತೇ ಕಿತ್ತುಕೊಂಡು ಹೊರಡು ಎಂದು ಕತ್ತಿ ಕೊಟ್ಟೆ. ಮರ ಹತ್ತಿದವನು ತೊಗಟೆಗೆ ಅಂಟಿದ ಬೇರನ್ನು ಬೆರಳಿನಿಂದ ಸವರಿ, ಇಳಿದು ಬಂದು ಕತ್ತಿಯನ್ನು ನನಗೇ ವಾಪಸು ಕೊಟ್ಟ. "ಅಣೆಕಟ್ಟೆ ನೀರಲ್ಲಿ ನಮ್ಮೂರು ಮುಳುಗಿದಾಗ ಒಂದ್ಸಲ ಕಿತ್ತು ತಂದಿದ್ದೆ. ಮತ್ತೆ ಕಿತ್ರೆ ಇದು ಬದುಕಲ್ಲ. ನಾನು ಹೋಗ್ತೀನಿ, ಇದು ಇಲ್ಲೇ ಇರ್ಲಿ." "ಇದರ ಚಾಕರಿ ನಾನು ಮಾಡ್ಬೇಕೇನೋ? ಬಾಯ್ಮುಚ್ಕೊಂಡು ಒಳಗೆ ಹೋಗು" ಎಂದು ಬೈದೆ. ಮಗಳಿಗೆ ನಮ್ಮ ನಡುಮನೆ ಸಾಕು.