ಇನ್ಸಾಫ್ ಅಕ್ಕನ ಕೋರೆಹಲ್ಲು

ತಾಂತಾ ಊರಿನ ಈ ಹಲ್ಲಿನ ಸೆಟ್ ಮಾಡುವ ಅಂಗಡಿಯಲ್ಲಿ ಲಬೀಬ್ ಮೂವತ್ತೊಂದು ವರ್ಷದಿಂದ ಲೋಹ ಎರೆಯುತ್ತಿದ್ದಾನೆ. ಪಕ್ಕದ ಮೇಜಿನಲ್ಲಿ ಮೇಣ ಕೆತ್ತುವವನು ನಾನು. ಇಬ್ಬರಿಗೂ ಸೊಂಟ ಹೋಗಿದೆ. ಗಿರಾಕಿಗಳ ಮುಖ ನಮಗೆ ಗೊತ್ತಿಲ್ಲ, ಬಾಯಿಯ ಅಚ್ಚಷ್ಟೇ ಗೊತ್ತು. ಅದನ್ನು ನೋಡಿ ನೋಡಿ ನನಗಂತೂ ಸಾಕಾಗಿದೆ.

ತೆಗೆದು ಹಾಕುವ ಸೆಟ್ಟಿಗೆ ಉಳಿದ ಹಲ್ಲುಗಳೇ ಆಧಾರ. ಲೋಹದ ಸೆಟ್ಟಾದರೆ ಆಧಾರದ ಹಲ್ಲಿನ ಮೇಲೆ ಒಂದು ಸಣ್ಣ ಲೋಹದ ಆನಿಕೆ ಕೂರಿಸುತ್ತೇವೆ. ಅಗಿಯುವ ಭಾರ ನೇರ ಬೇರಿಗೆ ಇಳಿಯುತ್ತದೆ. ಗುಲಾಬಿ ಬಣ್ಣದ ಮೆತ್ತನೆಯ ನೈಲಾನ್ ಸೆಟ್ಟಿಗೆ ಆ ಆನಿಕೆ ಇಲ್ಲ. ಅದು ಪ್ರತಿ ತುತ್ತಿಗೂ ವಸಡಿನೊಳಕ್ಕೆ ಕುಸಿದು ಆಧಾರದ ಹಲ್ಲನ್ನು ಪಕ್ಕಕ್ಕೆ ಜಗ್ಗುತ್ತದೆ. ನೋಡುವುದಕ್ಕೆ ಮಾತ್ರ ಚೆನ್ನ.

ಲಬೀಬನ ಅಕ್ಕ ಇನ್ಸಾಫ್‌ಗೆ ಹಲ್ಲುಗಳು ಹೋದಾಗ ಡಾಕ್ಟರು ಬರೆದದ್ದು ಲೋಹದ ಸೆಟ್ಟೇ. ಅವಳ ಮಗಳ ಮದುವೆ ಹತ್ತಿರವಿತ್ತು. ಮದುವೆಮನೆಯಲ್ಲಿ ನಾಲಗೆ ಆಡಿಸಿ ಹರ್ಷದ ಕೂಗು ಹಾಕುವುದರಲ್ಲಿ ಓಣಿಗೆಲ್ಲ ಅವಳೇ ಮುಂದು. ಲೋಹದ ಸೆಟ್ಟಿನ ತಂತಿ ಹಲ್ಲಿನ ಮೇಲೆ ಕಾಣಬಾರದು, ನೈಲಾನಿನದ್ದೇ ಬೇಕು ಎಂದು ಹಠ ಹಿಡಿದಳು.

"ಕೂಗೋವಾಗ ಕೈ ಅಡ್ಡ ಇಟ್ಕೋತೀಯಲ್ಲಕ್ಕ, ಯಾರ್ ನೋಡ್ತಾರೆ?" ಅಂದ ಲಬೀಬ್.

"ನಗೋವಾಗ್ಲೂ ಇಟ್ಕೊಳ್ಲಾ?"

ತಾಯಿ ಸತ್ತ ಮೇಲೆ ಅವನನ್ನು ಸಾಕಿದವಳು ಅವಳು. ಅವನು ಡಾಕ್ಟರ ಚೀಟಿ ಮಡಚಿಟ್ಟು ನೈಲಾನಿನದ್ದೇ ಮಾಡಿಕೊಟ್ಟ. ಆಮೇಲೆ ಅದು ಸಡಿಲವಾದಾಗಲೆಲ್ಲ ಅವಳು ಎಲೆಕೋಸಿನ ಎಲೆಯಲ್ಲಿ ಅಕ್ಕಿ ಸುತ್ತಿ ಬೇಯಿಸಿದ ಮಹ್ಶಿ ತುಂಬಿದ ಡಬ್ಬಿ ಹಿಡಿದು ಬರುತ್ತಿದ್ದಳು. ಇವನು ಹಲ್ಲನ್ನು ಹಿಡಿಯುವ ಸೆಟ್ಟಿನ ಕೊಕ್ಕೆಯನ್ನು ಕುದಿಯುವ ನೀರಿನಲ್ಲಿ ಅದ್ದಿ, ಹಿಂಡಿ ಬಿಗಿ ಮಾಡುತ್ತಿದ್ದ. ಬಿಗಿಯಾದಷ್ಟೂ ಹಲ್ಲಿಗೆ ಜಗ್ಗಾಟ ಹೆಚ್ಚು. ಒಮ್ಮೆ ನಾನು ಅದನ್ನು ಲಬೀಬನಿಗೆ ಬಾಯಿ ಬಿಟ್ಟು ಹೇಳಿದೆ. ಗೊತ್ತು ಅಂದು ಸಿಗರೇಟು ಹಚ್ಚಿದ. ಮಹ್ಶಿಯಲ್ಲಿ ನನಗೂ ಪಾಲಿತ್ತು, ನಾನೂ ಸುಮ್ಮನಾದೆ.

ಮೂರು ವರ್ಷಕ್ಕೆ ಸೆಟ್ಟಿಗೆ ಆಧಾರವಾಗಿದ್ದ ಬಲಗಡೆಯ ಕೋರೆಹಲ್ಲು ಅಲುಗಾಡತೊಡಗಿತು. ಡಾಕ್ಟರು ಕಿತ್ತರು. ಇನ್ನು ಸೆಟ್ ಕಚ್ಚಿ ನಿಲ್ಲಲು ಎಡಗಡೆಯ ಕೋರೆಹಲ್ಲೊಂದೇ ಉಳಿಯಿತು. ಅದೂ ಹೋದರೆ ಯಾವ ಸೆಟ್ಟೂ ನೆಟ್ಟಗೆ ನಿಲ್ಲುವುದಿಲ್ಲ.

ಇನ್ಸಾಫ್ ಮತ್ತೆ ಬಂದಳು, ಈ ಸಲವೂ ಅಂಥದ್ದೇ ಬೇಕೆಂದಳು. ಲಬೀಬ್ ಕೈಯಲ್ಲಿದ್ದ ಅಚ್ಚನ್ನು ಕೆಳಗಿಟ್ಟ.

"ಆಗಲ್ಲಕ್ಕ. ಆ ಹಲ್ಲು ಕಿತ್ತಿದ್ದು ಡಾಕ್ಟ್ರಲ್ಲ, ನಾನು."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅವನು ಎಲ್ಲವನ್ನೂ ಬಿಡಿಸಿ ಹೇಳಿದ, ಬಿಸಿನೀರಿನ ವಿಷಯವನ್ನೂ. ನನಗೆ ತಲೆ ಎತ್ತಲಾಗಲಿಲ್ಲ.

"ಮೊದ್ಲಿಂದಾನೂ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು. ನೀನು ಕೇಳ್ದೆ, ಮಾಡ್ದೆ."

ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೂ ನನಗೂ ಎಷ್ಟೋ ಹಗುರವಾಗುತ್ತಿತ್ತು. ಅವಳು ಲೋಹದ ಸೆಟ್ಟನ್ನೇ ಹಾಕಿಸಿಕೊಂಡಳಂತೆ, ಬೇರೆ ಊರಿನಲ್ಲಿ, ಬೇರೆ ಯಾರದೋ ಕೈಯಲ್ಲಿ.