ಹುಣಸೆಹುಳಿಯಲ್ಲಿ ಮಿಂದ ಹ್ಯಾನೋವರ್

ಜರ್ಮನಿ ಒಂದು ದೇಶವಾಗುವ ಮೊದಲು ಅಲ್ಲಿ ಹತ್ತಾರು ಸಣ್ಣಪುಟ್ಟ ರಾಜ್ಯಗಳಿದ್ದವು. ಒಂದೊಂದೂ ತನ್ನದೇ ಬೆಳ್ಳಿ ನಾಣ್ಯ ಹೊಡೆಸುತ್ತಿತ್ತು. ಥಾಲರ್ ಎಂಬ ಆ ದಪ್ಪ ನಾಣ್ಯಗಳ ಹುಚ್ಚು ನನಗೆ ಹಿಡಿದದ್ದು ದೋಹಾದಲ್ಲಿ. ಊರಿಗೆ ಮರಳುತ್ತಿದ್ದ ಜರ್ಮನ್ ಸಹೋದ್ಯೋಗಿಯೊಬ್ಬರು ಸ್ಯಾಕ್ಸನಿಯ ಥಾಲರ್ ಒಂದನ್ನು ನನ್ನ ಕೈಯಲ್ಲಿಟ್ಟು ಹೋದರು.

ಆಮೇಲೆ ಹ್ಯಾನೋವರ್ ರಾಜ್ಯದ್ದು ಬೇಕೆನಿಸಿತು. ಸೂಕ್ ಎಂಬ ಅಲ್ಲಿನ ಹಳೇ ಪೇಟೆಯ ಯಾವ ಅಂಗಡಿಗೆ ಹೋದರೂ ಆಸ್ಟ್ರಿಯಾದ ರಾಣಿಯ ಮುಖವಿದ್ದ ನಾಣ್ಯವನ್ನೇ ಎದುರಿಗಿಡುತ್ತಿದ್ದರು. ಹಿಂದೆ ಅರಬ್ಬರ ನಾಡಿನಲ್ಲೆಲ್ಲ ಅದೇ ಚಲಾವಣೆಯಲ್ಲಿತ್ತಂತೆ.

"ಇದಲ್ಲ ಭಾಯಿ, ಜರ್ಮನ್ ಬೇಕು."

"ಸೇಮ್ ಸೇಮ್, ಮೇಡಂ!"

ಸಾಕಾಗಿ ಹೋಗಿ, ಹ್ಯಾನೋವರ್ ರಾಜನ ಮುಖವಿದ್ದ ಒಂದನ್ನು ಜರ್ಮನಿಯಿಂದಲೇ ತರಿಸಿದೆ. ಕಾಲ ಕಳೆದು ಬೆಳ್ಳಿ ಬೂದು ಬಣ್ಣಕ್ಕೆ ತಿರುಗಿತ್ತು, ಅಂಚಿನಲ್ಲಿ ತೆಳುವಾದ ನೀಲಿ ಛಾಯೆ. ನಾನು ಮರುಳಾದದ್ದೇ ಆ ನೀಲಿಗೆ.

ಆಗ ಉಡುಪಿಯಿಂದ ಅತ್ತೆ ವಿಸಿಟ್ ವೀಸಾದಲ್ಲಿ ನಮ್ಮ ಅಲ್ ಅಜೀಜಿಯಾದ ಫ್ಲ್ಯಾಟಿಗೆ ಬಂದಿದ್ದರು. ಒಂದು ಸಂಜೆ ಆಫೀಸಿನಿಂದ ಬಂದು ನೋಡುತ್ತೇನೆ, ತೊಳೆದಿಟ್ಟ ದೇವರ ದೀಪಗಳ ಪಕ್ಕದಲ್ಲಿ ಹ್ಯಾನೋವರ್‌ನ ರಾಜ ಹೊಸ ಸ್ಟೀಲ್ ಲೋಟದಂತೆ ಹೊಳೆಯುತ್ತಿದ್ದಾನೆ.

"ಎಂಥ ಮಾರಾಯ್ತಿ, ಎಷ್ಟು ಕಪ್ಪು ಹಿಡಿದಿತ್ತು! ಹುಳಿ ಹಾಕಿ ಚೆಂದ ಮಾಡಿ ತಿಕ್ಕಿದೆ," ಎಂದರು ಅತ್ತೆ.

ಕಿರುಚಬೇಕೆನಿಸಿತು. ಹಲ್ಲು ಕಚ್ಚಿಕೊಂಡು, "ಅತ್ತೆ, ಅದು ಕೊಳೆಯಲ್ಲ. ನೂರು ವರ್ಷಕ್ಕೂ ಹೆಚ್ಚು ಕಾಲ ತಾನಾಗಿ ಬಂದ ಬಣ್ಣ. ನನಗೆ ಅದೇ ಬೇಕಿತ್ತು," ಎಂದೆ.

"ಕಪ್ಪಾದದ್ದಕ್ಕೆ ದುಡ್ಡು ಕೊಟ್ಟೆಯಾ?"

ಗಂಡ ಟೀವಿಯಿಂದ ಕಣ್ಣು ತೆಗೆಯದೆ, "ಖಲಾಸ್, ಬಿಡು ಮಾರಾಯ್ತಿ. ಕ್ಲೀನ್ ಆಯ್ತಲ್ಲ?" ಎಂದರು. ಅವತ್ತು ಇಬ್ಬರ ಜೊತೆಯೂ ನಾನು ಮಾತಾಡಲಿಲ್ಲ. ಅತ್ತೆ ಅರ್ಧ ಊಟಕ್ಕೇ ಎದ್ದರು. ಅದು ಬೇರೆ ಸಂಕಟ.

ಮರುದಿನ ಗಂಡನಿಗೆ ಜ್ಞಾನೋದಯವಾಯಿತು. ಬೆಳ್ಳಿಯನ್ನು ಬೇಯಿಸಿದ ಮೊಟ್ಟೆಯ ಜೊತೆ ಮುಚ್ಚಿಟ್ಟರೆ ಕಪ್ಪಾಗುತ್ತದೆ ಎಂದು ಮೊಬೈಲಿನಲ್ಲಿ ಯಾರೋ ಹೇಳಿದ್ದರಂತೆ. ನನ್ನನ್ನು ಕೇಳದೆ ಡಬ್ಬಿಯಲ್ಲಿಟ್ಟುಬಿಟ್ಟರು. ಮೊಟ್ಟೆಯನ್ನು ಮುಟ್ಟದ ಅತ್ತೆ ಮೂಗಿಗೆ ಸೆರಗು ಹಿಡಿದು ಆ ಡಬ್ಬಿಯನ್ನು ಕಾದರು! ನಾನು ತೆರೆದಾಗ ಗಬ್ಬು ವಾಸನೆ. ರಾಜನ ಕೆನ್ನೆಯ ಮೇಲೆ ಕಂದು ಕಲೆ, ಮೂಗು ಮಾತ್ರ ಬೆಳ್ಳಗೆ.

"ಈಗ ಸರಿ ಆಯ್ತಾ?" ಅತ್ತೆ ಕೇಳಿದರು. ಮುಖದಲ್ಲಿ ಎಷ್ಟು ಆಸೆಯಿತ್ತೆಂದರೆ, "ಹ್ಞೂಂ" ಎನ್ನದೆ ನನಗೆ ವಿಧಿಯಿರಲಿಲ್ಲ.

"ಹಾಗಾದರೆ ನಿನ್ನ ಆ ಇನ್ನೊಂದು ನಾಣ್ಯವನ್ನೂ ಕೊಡು. ಎರಡು ಮೊಟ್ಟೆ ಉಳಿದಿದೆ."